ಮಗುವಿನ ಕಣ್ಣಿಗೆ ಮುಲಾಮು ಹಚ್ಚುವುದು ಹೇಗೆ? ಮನೆಯಲ್ಲಿರುವ ಹಳೇ ಟ್ಯೂಬ್ ನಡೆಯುತ್ತಾ?

ಘಟಪ್ರಭಾ ದಂಡೆ (ಮುಧೋಳ)

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ಹತ್ತಿರ ಒಂದು ಹಳ್ಳಿ. ಮಗಳಿಗೆ ನಾಲ್ಕು ವರ್ಷ. ಬೆಳಿಗ್ಗೆ ಎದ್ದಾಗ ಬಲಗಣ್ಣಿನ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಳದಿ ಗೀಜು. ಒರೆಸಿದ ಸ್ವಲ್ಪ ಹೊತ್ತಿಗೆ ಮತ್ತೆ ತುಂಬುತ್ತಿತ್ತು. ಊರಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಡಾಕ್ಟರ್ ಟಾರ್ಚ್ ಹಾಕಿ ನೋಡಿ, ಬ್ಯಾಕ್ಟೀರಿಯಾ ಸೋಂಕು, ಹೆದರಬೇಡಿ ಅಂದರು. ಸಿಪ್ರೋಫ್ಲಾಕ್ಸಾಸಿನ್ ಕಣ್ಣಿನ ಮುಲಾಮು ಬರೆದುಕೊಟ್ಟಿದ್ದಾರೆ. ದಿನಕ್ಕೆ ಮೂರು ಸಲ, 5 ದಿನ.

ನನ್ನ ಕಷ್ಟ ಏನೆಂದರೆ, ಟ್ಯೂಬ್ ನೋಡಿದರೆ ಸಾಕು ಮಗಳು ಕಿರುಚುತ್ತಾಳೆ. ಕಣ್ಣು ಬಿಗಿಯಾಗಿ ಮುಚ್ಚಿಬಿಡುತ್ತಾಳೆ. ಅರ್ಧ ಮುಲಾಮು ಕೆನ್ನೆಗೇ ಹೋಗುತ್ತದೆ.

ಇನ್ನೊಂದು, ಅತ್ತೆಯವರಿಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಟ್ಯೂಬ್ ಅರ್ಧ ಉಳಿದಿದೆ. "ಇದೂ ಕಣ್ಣಿಂದೇ ಅಲ್ವಾ, ದೊಡ್ಡ ಹುಡುಗನ ಕಣ್ಣೂ ಕೆಂಪಾಗಿದೆ, ಅವನಿಗೆ ಇದನ್ನ ಹಚ್ಚು" ಅನ್ನುತ್ತಾರೆ. ಹಚ್ಚಬಹುದಾ? ಗೊತ್ತಿದ್ದವರು ಹೇಳಿ.

ಸಿಸ್ಟರ್ (ಬಾಗಲಕೋಟೆ)

ತಂಗಿ, ಮೊದಲು ಎರಡನೇ ಪ್ರಶ್ನೆಗೆ ಉತ್ತರ. ಆ ಹಳೇ ಟ್ಯೂಬ್ ಹುಡುಗನ ಕಣ್ಣಿಗೆ ಹಚ್ಚಲೇಬೇಡ. ಕಾರಣ ಆಮೇಲೆ ಬರೆಯುತ್ತೇನೆ. ಈಗ ಮಗಳ ವಿಷಯ.

ಕೈ ಸೋಪು ಹಚ್ಚಿ ತೊಳೆದುಕೋ. ನೀರು ಕುದಿಸಿ ಆರಿಸಿ ಇಟ್ಟುಕೋ. ಸ್ವಚ್ಛ ಹತ್ತಿ ಅದ್ದಿ ಹಿಂಡಿ, ಮೂಗಿನ ಕಡೆಯಿಂದ ಕಿವಿ ಕಡೆಗೆ ಒಂದೇ ಸಲ ಒರೆಸು. ಆ ಹತ್ತಿ ಬಿಸಾಡು. ಮತ್ತೆ ಒರೆಸಬೇಕಾದರೆ ಹೊಸ ಹತ್ತಿ. ಗೀಜು ಒಣಗಿ ಗಟ್ಟಿಯಾಗಿದ್ದರೆ ಎಳೆಯಬೇಡ, ಒದ್ದೆ ಹತ್ತಿ ಸ್ವಲ್ಪ ಹೊತ್ತು ಮೇಲೆ ಇಟ್ಟರೆ ತಾನೇ ಮೆತ್ತಗಾಗುತ್ತದೆ. ಗೀಜಿನ ಮೇಲೆ ಮುಲಾಮು ಹಚ್ಚಿದರೆ ಔಷಧಿ ಕಣ್ಣಿಗೆ ತಲುಪುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಈ ಕೆಲಸವನ್ನೇ ಬಿಡುತ್ತಾರೆ.

ಆಮೇಲೆ ಮಗುವನ್ನು ಮಲಗಿಸು. ಮನೆಯವರು ಯಾರಾದರೂ ತಲೆ ಹಿಡಿದುಕೊಳ್ಳಲಿ. ಇಲ್ಲ ಅಂದರೆ ದೊಡ್ಡ ಟವೆಲ್‌ನಲ್ಲಿ ಕೈ ಸೇರಿಸಿ ಸುತ್ತು. ಟ್ಯೂಬ್ ಅವಳ ಮುಖದ ಎದುರು ತರಬೇಡ, ತಲೆಯ ಹಿಂದಿನಿಂದ ತಾ. ನೀನೂ ಅವಳ ತಲೆಯ ಹಿಂದೆ ಕುಳಿತುಕೋ. ಟ್ಯೂಬ್ ಹಿಡಿದ ಕೈಯನ್ನು ಅವಳ ಹಣೆಯ ಮೇಲೆ ಊರಿಕೋ. ಮಗು ತಲೆ ಅಲ್ಲಾಡಿಸಿದರೆ ಕೈಯೂ ಜೊತೆಗೇ ಅಲ್ಲಾಡುತ್ತದೆ, ತುದಿ ಕಣ್ಣಿಗೆ ಚುಚ್ಚುವುದಿಲ್ಲ. ಇನ್ನೊಂದು ಕೈಯ ಬೆರಳಿನಿಂದ ಕೆಳರೆಪ್ಪೆಯನ್ನು ಕೆನ್ನೆ ಕಡೆ ಮೆಲ್ಲಗೆ ಎಳೆ. ಒಳಗೆ ಕೆಂಪು ಜೇಬಿನ ಹಾಗೆ ಸಣ್ಣ ಜಾಗ ಕಾಣುತ್ತದೆ. ಮುಲಾಮು ಬೀಳಬೇಕಾದದ್ದು ಅಲ್ಲಿ, ಕರಿಗುಡ್ಡೆಯ ಮೇಲಲ್ಲ.

ಡಾಕ್ಟರ್ ಬೇರೆ ಅಳತೆ ಹೇಳಿಲ್ಲದಿದ್ದರೆ ಸುಮಾರು 1 ಸೆಂಟಿಮೀಟರ್ ಉದ್ದದ ಎಳೆ ಸಾಕು. ಜಾಸ್ತಿ ಹಚ್ಚಿದರೆ ಜಾಸ್ತಿ ಗುಣ ಆಗುವುದಿಲ್ಲ, ಹೊರಗೆ ಹರಿಯುತ್ತದೆ ಅಷ್ಟೇ. ಟ್ಯೂಬ್‌ನ ತುದಿ ಕಣ್ಣಿಗೂ ರೆಪ್ಪೆಗೂ ಬೆರಳಿಗೂ ತಾಗಬಾರದು. ಎಳೆ ತುಂಡಾಗದಿದ್ದರೆ ಟ್ಯೂಬನ್ನು ಸ್ವಲ್ಪ ತಿರುವು, ತುಂಡಾಗುತ್ತದೆ. ಆಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಚಿರಲಿ. ಮೈ ಬಿಸಿಗೆ ಕರಗಿ ಕಣ್ಣೆಲ್ಲ ಹರಡುತ್ತದೆ. ಉಜ್ಜಬೇಡ.

ತೀರಾ ಹಟ ಮಾಡಿದರೆ ಮಗು ಗಾಢ ನಿದ್ದೆಯಲ್ಲಿದ್ದಾಗ ಕೆಳರೆಪ್ಪೆ ಎಳೆದು ಹಚ್ಚು. ರಾತ್ರಿಯ ಡೋಸ್‌ಗೆ ಇದು ಒಳ್ಳೆಯ ದಾರಿ.

ಘಟಪ್ರಭಾ ದಂಡೆ (ಮುಧೋಳ)

ಅಕ್ಕಾ, ತಲೆಯ ಹಿಂದೆ ಕುಳಿತುಕೊಳ್ಳುವುದು ಯಾರೂ ಹೇಳಿರಲಿಲ್ಲ. ಈಗ ತಾನೇ ಹಾಗೆ ಮಾಡಿದೆ. ಅತ್ತಳು, ಆದರೆ ಮುಲಾಮು ಒಳಗೆ ಹೋಯಿತು. ಹಳೇ ಟ್ಯೂಬ್ ಯಾಕೆ ಬೇಡ ಅಂತ ಹೇಳಿ. ಅತ್ತೆಯವರಿಗೆ ಓದಿ ತಿಳಿಸಬೇಕು. ದುಡ್ಡು ಕೊಟ್ಟು ತಂದಿದ್ದನ್ನು ಚೆಲ್ಲುವುದು ಅವರಿಗೆ ಬೇಜಾರು.

ಔಷಧಿ ಅಂಗಡಿ (ಗೋಕಾಕ)

ಸಿಸ್ಟರ್ ಬರೆಯುವ ಮೊದಲು ನಾನೇ ಹೇಳುತ್ತೇನೆ. ದಿನಾ ಇದೇ ಮಾತು ಕೌಂಟರ್‌ನಲ್ಲಿ ಆಡುತ್ತೇನೆ.

ಪೊರೆ ಆಪರೇಷನ್ ಆದವರಿಗೆ ಕೊಡುವ ಹನಿ, ಮುಲಾಮುಗಳಲ್ಲಿ ತುಂಬ ಸಲ ಆಂಟಿಬಯಾಟಿಕ್ ಜೊತೆ ಸ್ಟಿರಾಯ್ಡ್ ಸೇರಿರುತ್ತದೆ. ಆಪರೇಷನ್ ಆದ ಕಣ್ಣಿನ ಊತ ಇಳಿಸಲು ಅದು ಬೇಕು. ಡಾಕ್ಟರ್ ಕರೆದು ಕರೆದು ನೋಡುತ್ತಿರುತ್ತಾರೆ. ಅದನ್ನೇ ಸೋಂಕಾದ ಮಗುವಿನ ಕಣ್ಣಿಗೆ ಹಚ್ಚಿದರೆ ಕೆಂಪು ಬೇಗ ಇಳಿಯುತ್ತದೆ. ನಾವು ಗುಣ ಆಯಿತು ಅಂದುಕೊಳ್ಳುತ್ತೇವೆ. ಒಳಗೆ ವೈರಸ್ಸೋ ಫಂಗಸ್ಸೋ ಇದ್ದರೆ ಅದು ಅಡ್ಡಿಯಿಲ್ಲದೆ ಬೆಳೆಯುತ್ತದೆ. ತುಂಬಾ ದಿನ ಹಚ್ಚಿದರೆ ಕಣ್ಣಿನ ಒತ್ತಡವೂ ಏರುತ್ತದೆ.

ಪೆಟ್ಟಿಗೆ ಮೇಲೆ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವುದಾದರೂ ಹೆಸರಿದ್ದರೆ ಅದು ಸ್ಟಿರಾಯ್ಡ್. ಕಂಪನಿಯ ಹೆಸರು ಒಂದೇ ಇದ್ದು ಕೊನೆಗೆ "ಡಿ" ಅಂತ ಒಂದಕ್ಷರ ಜಾಸ್ತಿ ಇದ್ದರೂ ಔಷಧಿಯೇ ಬೇರೆ ಆಗಿರಬಹುದು. ಅದಕ್ಕೇ "ಹೋದ ಸಲ ತಂದಿದ್ದೆವಲ್ಲ, ನೀಲಿ ಪೆಟ್ಟಿಗೆ, ಅದನ್ನೇ ಕೊಡ್ರೀ" ಅಂದರೆ ನಾನು ಕೊಡುವುದಿಲ್ಲ. ಚೀಟಿ ತನ್ನಿ ಅನ್ನುತ್ತೇನೆ. ಪೆಟ್ಟಿಗೆ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದಲ್ಲ, ಅದು ಡಾಕ್ಟರ್ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ ಅನ್ನುವ ಗುರುತು.

ಇನ್ನು ದುಡ್ಡಿನ ಮಾತು. ಟ್ಯೂಬ್ ಒಮ್ಮೆ ತೆರೆದ ಮೇಲೆ ಸಾಮಾನ್ಯವಾಗಿ 4 ವಾರ ಅಷ್ಟೇ. ಪೆಟ್ಟಿಗೆ ಮೇಲಿನ ತಾರೀಖು ಮುಂದಿನ ವರ್ಷದ್ದಿದ್ದರೂ ಆ ತಾರೀಖು ತೆರೆಯದ ಟ್ಯೂಬ್‌ಗೆ ಮಾತ್ರ. ನಮ್ಮ ಅಂಗಡಿಯಲ್ಲಿ ಕೊಡುವಾಗಲೇ ಪೆನ್ ಕೊಟ್ಟು, ತೆರೆದ ದಿನ ಇದರ ಮೇಲೆ ಬರೆಯಿರಿ ಅನ್ನುತ್ತೇನೆ.

ಸೀಲ್ ಒಡೆಯಲು ಟಾಚಣಿ, ಸೂಜಿ ಹುಡುಕಬೇಡಿ. ತುಂಬ ಟ್ಯೂಬ್‌ಗಳಲ್ಲಿ ಮುಚ್ಚಳದ ಹಿಂಬದಿಗೆ ಮೊನೆ ಇರುತ್ತದೆ. ಮುಚ್ಚಳ ತಿರುಗಿಸಿ ಒತ್ತಿದರೆ ಸಾಕು. ಸಣ್ಣ ಕ್ಯಾಪ್ಸೂಲ್ ರೂಪದಲ್ಲಿ ಬರುವ ಕ್ಲೋರಾಂಫೆನಿಕಾಲ್ ಮುಲಾಮು ಇದೆಯಲ್ಲ, ಅದು ಒಂದು ಸಲಕ್ಕೆ ಒಂದು. ತುದಿ ಕತ್ತರಿಸಿ ಹಿಂಡಿ ಬಿಸಾಡಬೇಕು. ಉಳಿಯಿತು ಅಂತ ರಾತ್ರಿಗೆ ಎತ್ತಿಡಬಾರದು.

ಅಥಣಿ ಕಬ್ಬು

ನಾನು ಡಾಕ್ಟರ್ ಅಲ್ಲ, ರೈತ. ಆದರೂ ಈ ಮಾತು ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಕಬ್ಬು ಕಟಾವಿನ ಸಮಯದಲ್ಲಿ ಕಣ್ಣಿಗೆ ಗರಿ ಬಡಿಯುವುದು ಮಾಮೂಲು. ನಮ್ಮ ಕಾಕಾನ ಎಡಗಣ್ಣಿಗೆ ರವದಿ ಎಳೆಯುವಾಗ ಗರಿ ಗೀರಿತು. ಸಂಜೆ ಒಂದು ಅಂಗಡಿಯಲ್ಲಿ ಕೇಳಿದರೆ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಕೂಡಲೇ ತಂಪಾಯಿತು, ಕೆಂಪೂ ಕಡಿಮೆ ಆಯಿತು. ಅದನ್ನೇ ಹಚ್ಚುತ್ತಾ ಕಟಾವು ಮುಗಿಸಿದರು. ಆಮೇಲೆ ಬಿಸಿಲು ನೋಡಲು ಆಗುತ್ತಿರಲಿಲ್ಲ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ.

ಕಣ್ಣಿನ ಆಸ್ಪತ್ರೆಯಲ್ಲಿ ನಾನೇ ಪಕ್ಕದಲ್ಲಿದ್ದೆ. ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿ ಒಂದನ್ನು ಕಣ್ಣಿಗೆ ತಾಗಿಸಿದರು. ನೀಲಿ ಬೆಳಕು ಬಿಟ್ಟಾಗ ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯಿತು. ಅಂಚು ನೆಟ್ಟಗಿರಲಿಲ್ಲ, ಬೇರು ಬಿಟ್ಟ ಹಾಗೆ ಸುತ್ತ ಹಬ್ಬಿತ್ತು. ಆ ಜಾಗದಿಂದ ಸ್ವಲ್ಪ ಕೆರೆದು ಗಾಜಿನ ಮೇಲೆ ಹಾಕಿ ಪರೀಕ್ಷೆಗೆ ಕಳಿಸಿದರು. ಫಂಗಸ್ ಅಂತ ಬಂತು. ತಂದಿದ್ದ ಟ್ಯೂಬ್ ತೋರಿಸಿದಾಗ ಅದರಲ್ಲಿ ಸ್ಟಿರಾಯ್ಡ್ ಇದೆ, ನಿಲ್ಲಿಸಿ ಅಂದರು. ನಾಟಮೈಸಿನ್ ಹನಿ ಕೊಟ್ಟರು, ಹಗಲೆಲ್ಲ ಗಂಟೆಗೊಮ್ಮೆ ಹಾಕಬೇಕಿತ್ತು. ಕಣ್ಣು ಉಳಿಯಿತು. ಆದರೆ ಹೂ ಬಿದ್ದಿದೆ. ಆ ಕಣ್ಣಲ್ಲಿ ಮಂಜಾಗಿ ಕಾಣುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಗರಿ ಬಡಿದರೆ ಮುಲಾಮು ಹಚ್ಚಲೇಬಾರದಾ? ಆಸ್ಪತ್ರೆ ದೂರ ಇದ್ದವರು ಏನು ಮಾಡಬೇಕು?

ನಿವೃತ್ತ ನೇತ್ರಾಧಿಕಾರಿ (ವಿಜಯಪುರ)

ಅಥಣಿಯವರು ಕೇಳಿದ ಪ್ರಶ್ನೆ ಬಹಳ ಮುಖ್ಯ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಗರಿ ಗೀರಿದ ಕೂಡಲೇ ಅದು ಹುಣ್ಣಲ್ಲ. ಅದು ಬರೀ ತರಚು ಗಾಯ. ಕರಿಗುಡ್ಡೆಯ ಮೇಲಿನ ತೆಳು ಪದರ ಕಿತ್ತಿರುತ್ತದೆ. ಗಾಯದೊಳಗೆ ಕ್ರಿಮಿ ಸೇರಿ ಬೆಳೆದರೆ ಆಗ ಹುಣ್ಣು. ಇವೆರಡರ ನಡುವೆ ಸಿಗುವ ಸಮಯ ಬಹಳ ಕಡಿಮೆ. ನೇಪಾಳದ ಭಕ್ತಪುರದಲ್ಲಿ ಇದನ್ನೇ ಹಿಡಿದು ಒಂದು ಕೆಲಸ ಮಾಡಿದರು. 2001ರಲ್ಲಿ ಅದರ ವರದಿ ಬಂತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅಥಣಿಯವರು ಹೇಳಿದ ಅದೇ ಬಣ್ಣದ ಪಟ್ಟಿ ಹಾಕಿ ಗಾಯ ಇದೆಯಾ ಅಂತ ನೋಡುವುದು, ಇದ್ದರೆ 1 ಶೇಕಡಾ ಕ್ಲೋರಾಂಫೆನಿಕಾಲ್ ಮುಲಾಮು ದಿನಕ್ಕೆ 3 ಸಲ, 3 ದಿನ ಹಚ್ಚುವುದು. ಹೀಗೆ ನೋಡಿಕೊಂಡ 442 ಜನರಲ್ಲಿ 96 ಶೇಕಡಾ ಜನರ ಗಾಯ ಸೋಂಕಿಲ್ಲದೆ ಮಾಯಿತು. ಪೆಟ್ಟಾದ 18 ಗಂಟೆಯೊಳಗೆ ಮುಲಾಮು ಶುರು ಮಾಡಿದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ.

ಅಂದರೆ ಮುಲಾಮು ಕೆಲಸಕ್ಕೆ ಬರುತ್ತದೆ. ಬರೀ ಆಂಟಿಬಯಾಟಿಕ್ ಇರುವ ಮುಲಾಮು. ಸ್ಟಿರಾಯ್ಡ್ ಸೇರಿದ್ದಲ್ಲ. ಅದೂ ಒಬ್ಬರು ಕಣ್ಣು ನೋಡಿ ಕೊಟ್ಟಾಗ, ಮತ್ತು ಅದೇ ದಿನ.

ಬಿಳಿ ಚುಕ್ಕೆ ಬಂದ ಮೇಲೆ ಲೆಕ್ಕ ಬೇರೆ. ಅದು ಬ್ಯಾಕ್ಟೀರಿಯಾನೋ ಫಂಗಸ್ಸೋ ಅಂತ ಕೆರೆದು ನೋಡದೆ ಹೇಳುವುದು ಕಷ್ಟ. ಕಬ್ಬಿನ ಗರಿ, ಜೋಳದ ಹೊಟ್ಟು, ಗೋವಿನಜೋಳದ ಎಲೆ, ಮುಳ್ಳು, ಇವುಗಳಿಂದ ಆದ ಗಾಯದಲ್ಲಿ ಫಂಗಸ್ ಇರುವ ಸಾಧ್ಯತೆ ಜಾಸ್ತಿ. ಆಂಟಿಬಯಾಟಿಕ್ ಫಂಗಸ್ಸನ್ನು ಕೊಲ್ಲುವುದಿಲ್ಲ. ಆಗ ಟ್ಯೂಬ್ ಹಚ್ಚುತ್ತಾ ಕುಳಿತರೆ ಸುಮ್ನೆ ದಿನ ಕಳೆಯುತ್ತದೆ, ಹುಣ್ಣು ಆಳಕ್ಕೆ ಇಳಿಯುತ್ತದೆ.

ಆಸ್ಪತ್ರೆ ದೂರ ಅಂದಿರಿ. ತಾಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಇದ್ದಾರಾ, ಯಾವ ದಿನ ಬರುತ್ತಾರೆ ಅಂತ ಕಟಾವು ಶುರುವಾಗುವ ಮೊದಲೇ ಕೇಳಿಟ್ಟುಕೊಳ್ಳಿ. ದೊಡ್ಡ ತೊಂದರೆ ಇದ್ದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಕಣ್ಣಿನ ವಿಭಾಗಗಳಿವೆ. ಹೋಗುವ ತನಕ ಕಣ್ಣು ಉಜ್ಜಬೇಡಿ. ಕಸ ಇದ್ದರೆ ಸ್ವಚ್ಛ ನೀರು ಬಿಟ್ಟು ತೊಳೆಯಿರಿ. ಸಿಕ್ಕಿಹಾಕಿಕೊಂಡಿದ್ದರೆ ಕೀಳಬೇಡಿ. ಬಟ್ಟೆ ಬಿಗಿಯಾಗಿ ಕಟ್ಟಬೇಡಿ. ನಮ್ಮ ಕಡೆ ಕೆಲವು ಊರುಗಳಲ್ಲಿ ನಾಲಿಗೆಯಿಂದ ಕಸ ತೆಗೆಯುವವರಿದ್ದಾರೆ. ಅವರು ಒಳ್ಳೆ ಮನಸ್ಸಿಂದಲೇ ಮಾಡುತ್ತಾರೆ. ಆದರೆ ಬಾಯಲ್ಲಿರುವ ಕ್ರಿಮಿ ನೇರ ಗಾಯಕ್ಕೆ ಹೋಗುತ್ತದೆ. ದಯವಿಟ್ಟು ಬೇಡ.

ಸುಣ್ಣ ಬಿದ್ದರೆ ಮಾತ್ರ ಆಸ್ಪತ್ರೆಗೆ ಓಡುವ ಮೊದಲೇ ತೊಳೆಯಬೇಕು. ರೆಪ್ಪೆ ಅಗಲಿಸಿ, ಸುಣ್ಣದ ಹರಳು ಹೋಗುವ ಹಾಗೆ ಅರ್ಧ ಗಂಟೆಯಾದರೂ ನೀರು ಬಿಡುತ್ತಲೇ ಇರಿ. ಅಲ್ಲಿ ಮುಲಾಮು ಹುಡುಕುತ್ತಾ ಹೊತ್ತು ಕಳೆಯಬಾರದು.

ಇಂಡಿ ಲಿಂಬೆ

ನಮ್ಮ ಅಜ್ಜಿ ಕಣ್ಣು ಬಂದರೆ ಎದೆಹಾಲು ಹಾಕಿಸುತ್ತಿದ್ದರು. ನಂದಿಬಟ್ಟಲ ಹೂವಿನ ನೀರೂ ಬಿಡುತ್ತಿದ್ದರು. ನಮಗೆಲ್ಲ ವಾಸಿ ಆಗಿದೆ, ಕಣ್ಣು ಚೆನ್ನಾಗಿವೆ. ಎಲ್ಲದಕ್ಕೂ ಟ್ಯೂಬ್ ಯಾಕೆ ಅಂತ ನನ್ನ ಪ್ರಶ್ನೆ.

ಸಿಸ್ಟರ್ (ಬಾಗಲಕೋಟೆ)

ಅಣ್ಣಾ, ವಾಸಿ ಆಗಿದ್ದು ನಿಜ ಇರಬಹುದು. ಸಾಧಾರಣ ಕಣ್ಣು ಬೇನೆ ಏನೂ ಹಾಕದಿದ್ದರೂ 7ರಿಂದ 10 ದಿನಕ್ಕೆ ತಾನಾಗಿ ಹೋಗುವುದು ಉಂಟು. ಬ್ಯಾಕ್ಟೀರಿಯಾದ್ದೂ ಹೌದು. ಮುಲಾಮು ಅದನ್ನು ಬೇಗ ಇಳಿಸುತ್ತದೆ, ಬೇರೆಯವರಿಗೆ ಅಂಟುವುದನ್ನು ಕಡಿಮೆ ಮಾಡುತ್ತದೆ. ಆ ದಿನಗಳಲ್ಲಿ ಏನು ಹಾಕಿದ್ದರೂ ಅದರಿಂದಲೇ ವಾಸಿ ಆಯಿತು ಅಂತ ಕಾಣುತ್ತದೆ.

ನನಗೆ ಹೆದರಿಕೆ ಇರುವುದು ವಾಸಿಯಾಗದ ಕಣ್ಣಿನ ಬಗ್ಗೆ. ಹಾಲಿನಲ್ಲಿ ಸಕ್ಕರೆ ಅಂಶ ಇದೆ, ಕ್ರಿಮಿ ಬೆಳೆಯಲು ಅನುಕೂಲ. ಹೂವಿನಲ್ಲಿ, ಎಲೆ ರಸದಲ್ಲಿ ಮಣ್ಣಿನ ಫಂಗಸ್ ಇರಬಹುದು. ಕರಿಗುಡ್ಡೆಗೆ ಗಾಯ ಇದ್ದಾಗ ಇವು ಬಿದ್ದರೆ ಕಾಕಾನಿಗೆ ಆದ ಹಾಗೆ ಆಗುತ್ತದೆ. ಒಂದು ತಿಂಗಳೊಳಗಿನ ಕೂಸಿಗಂತೂ ಕಣ್ಣಲ್ಲಿ ಕೀವು ಬಂದರೆ ಮನೆಮದ್ದು ಬೇಡ, ಮನೆಯ ಟ್ಯೂಬೂ ಬೇಡ. ಅದೇ ದಿನ ಆಸ್ಪತ್ರೆಗೆ ಬರಬೇಕು. ಹೆರಿಗೆ ವೇಳೆ ತಾಯಿಯಿಂದ ಬಂದ ಸೋಂಕಿದ್ದರೆ ಆ ಕಣ್ಣು ಕೆಲವೇ ದಿನದಲ್ಲಿ ಕೆಡುತ್ತದೆ. ಹಚ್ಚುವ ಮುಲಾಮು ಒಂದರಿಂದ ಅದು ಹೋಗುವುದಿಲ್ಲ, ಇಂಜೆಕ್ಷನ್ ಬೇಕಾಗುತ್ತದೆ.

ಶಾಲೆ ಟೀಚರ್ (ಸಿಂದಗಿ)

2023ರ ಮಳೆಗಾಲದಲ್ಲಿ ಮದ್ರಾಸ್ ಐ ಬಂದಾಗ ನಮ್ಮ ತರಗತಿಯ ಅರ್ಧಕ್ಕರ್ಧ ಮಕ್ಕಳು ಮನೆಯಲ್ಲಿದ್ದರು. ಪಾಲಕರು ಒಬ್ಬರಿಗೊಬ್ಬರು ಟ್ಯೂಬ್ ಹಂಚಿಕೊಂಡಿದ್ದು ನೋಡಿದ್ದೇನೆ. ಅದು ವೈರಸ್ ಅಲ್ವಾ? ವೈರಸ್‌ಗೂ ಇದೇ ಮುಲಾಮು ನಡೆಯುತ್ತಾ? ಎರಡನ್ನೂ ಮನೆಯಲ್ಲಿ ಗುರುತಿಸುವುದು ಹೇಗೆ?

ನಿವೃತ್ತ ನೇತ್ರಾಧಿಕಾರಿ (ವಿಜಯಪುರ)

ಟೀಚರ್, ವೈರಸ್‌ಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಹೆಚ್ಚಾಗಿ ವೈರಸ್ ಇದ್ದಾಗ ನೀರು ಜಾಸ್ತಿ ಸುರಿಯುತ್ತದೆ, ಗೀಜು ತೆಳು, ನೆಗಡಿ ಗಂಟಲು ನೋವು ಜೊತೆಗಿರಬಹುದು, ಕಿವಿ ಮುಂದೆ ಗಂಟು ಸಿಗಬಹುದು. ಬ್ಯಾಕ್ಟೀರಿಯಾ ಇದ್ದರೆ ಗೀಜು ದಪ್ಪ, ಹಳದಿ ಅಥವಾ ಹಸಿರು, ಒರೆಸಿದಷ್ಟೂ ಬರುತ್ತದೆ. ಬರೀ ತುರಿಕೆ ಇದ್ದರೆ ಅಲರ್ಜಿ ಇರಬಹುದು. ಇದು ಅಂದಾಜು ಮಾತ್ರ, ಎಷ್ಟೋ ಸಲ ನಮಗೂ ನೋಡಿದ ಕೂಡಲೇ ತಿಳಿಯುವುದಿಲ್ಲ.

ಟ್ಯೂಬ್ ಹಂಚಿಕೊಳ್ಳುವುದು ಯಾವ ಸೋಂಕಿಗೂ ಬೇಡ. ತುದಿಗೆ ತಾಗಿದ ಗೀಜು ಮುಂದಿನವರ ಕಣ್ಣಿಗೆ ಹೋಗುತ್ತದೆ. ಟವೆಲ್, ದಿಂಬಿನ ಕವರ್, ಕಾಡಿಗೆ ಡಬ್ಬಿ ಎಲ್ಲ ಬೇರೆ ಬೇರೆ ಇರಲಿ. ಬೇನೆ ಬರುವ ಮೊದಲು ಬಳಸುತ್ತಿದ್ದ ಕಾಡಿಗೆ ಡಬ್ಬಿಯನ್ನು ಬಿಸಾಡಿ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಿರಿಯರು ಟ್ರಕೋಮಾ ಬಗ್ಗೆ ಹೇಳುತ್ತಿದ್ದರು. ಅದೂ ಬ್ಯಾಕ್ಟೀರಿಯಾ ಸೋಂಕೇ. 1963ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿತ್ತು. ಟೆಟ್ರಾಸೈಕ್ಲಿನ್ ಮುಲಾಮು, ಜೊತೆಗೆ ಮುಖ ತೊಳೆಯುವುದು, ಶುದ್ಧ ನೀರು. 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಅಂತ ಘೋಷಿಸಿತು. ಓದಿದ ದಿನ ನನಗೆ ಬಹಳ ಖುಷಿಯಾಯಿತು. ಸರಿಯಾಗಿ ಬಳಸಿದ ಒಂದು ಸಣ್ಣ ಟ್ಯೂಬ್‌ಗೂ ಅದರಲ್ಲಿ ಪಾಲಿದೆ.

ಟಿಳಕವಾಡಿ ಹಾಸ್ಟೆಲ್ (ಬೆಳಗಾವಿ)

ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಎರಡು ದಿನದಿಂದ ಒಂದು ಕಣ್ಣು ಕೆಂಪು, ಬೆಳಕು ನೋಡಿದರೆ ನೋವು. ಗೆಳತಿ ಹತ್ತಿರ ಮುಲಾಮು ಇದೆ. ಲೆನ್ಸ್ ತೆಗೆದು ಅದನ್ನು ಹಚ್ಚಿದರೆ ಸಾಕಾ?

ನಿವೃತ್ತ ನೇತ್ರಾಧಿಕಾರಿ (ವಿಜಯಪುರ)

ಸಾಕಾಗುವುದಿಲ್ಲ ಮಗಳೇ. ಲೆನ್ಸ್ ಈಗಲೇ ತೆಗೆ. ಇವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗು. ಲೆನ್ಸ್ ಹಾಕುವವರಲ್ಲಿ ಬರುವ ಕೆಲವು ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕರಿಗುಡ್ಡೆಯನ್ನು ಹಾಳು ಮಾಡುತ್ತವೆ. ಲೆನ್ಸ್, ಅದರ ಡಬ್ಬಿ ಬಿಸಾಡಬೇಡ, ಜೊತೆಗೆ ತೆಗೆದುಕೊಂಡು ಹೋಗು. ಪರೀಕ್ಷೆಗೆ ಬೇಕಾಗಬಹುದು.

ಉಳಿದವರೂ ಗಮನಿಸಿ. ನೋವು, ಬೆಳಕು ನೋಡಲಾಗದಿರುವುದು, ಗೀಜು ಒರೆಸಿದ ಮೇಲೂ ಮಂಜಾಗಿ ಕಾಣುವುದು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ಕಣ್ಣಿನ ಸುತ್ತ ಬಾವು ಮತ್ತು ಜ್ವರ. ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಮನೆಯಲ್ಲಿ ಮುಲಾಮು ಹಚ್ಚಿ ಕಾಯಬೇಡಿ.

ಅಥಣಿ ಕಬ್ಬು

ಕಟಾವಿನ ಗ್ಯಾಂಗ್‌ನವರಿಗೆ ಇದನ್ನೆಲ್ಲ ಓದಿ ಹೇಳುತ್ತೇನೆ. ಒಂದು ಸಣ್ಣ ಪ್ರಶ್ನೆ. ಮುಲಾಮು ಹಚ್ಚಿಕೊಂಡು ಟ್ರ್ಯಾಕ್ಟರ್ ಹೊಡೆಯಬಹುದಾ? ಹನಿಯೂ ಕೊಟ್ಟಿದ್ದರೆ ಯಾವುದು ಮೊದಲು?

ಔಷಧಿ ಅಂಗಡಿ (ಗೋಕಾಕ)

ಹಚ್ಚಿದ ಕೂಡಲೇ ಬೇಡ. ಮುಲಾಮು ಎಣ್ಣೆಯಂಥದ್ದು, ಸ್ವಲ್ಪ ಹೊತ್ತು ಎಲ್ಲ ಮಸುಕಾಗಿ ಕಾಣುತ್ತದೆ. ಕಣ್ಣು ತಿಳಿಯಾಗುವ ತನಕ ಟ್ರ್ಯಾಕ್ಟರ್, ಬೈಕ್ ಮುಟ್ಟಬೇಡಿ. ಅದಕ್ಕೇ ಎಷ್ಟೋ ಡಾಕ್ಟರ್‌ಗಳು ಹಗಲು ಹನಿ, ರಾತ್ರಿ ಮುಲಾಮು ಬರೆಯುತ್ತಾರೆ. ಎರಡೂ ಒಂದೇ ಹೊತ್ತಿಗೆ ಇದ್ದರೆ ಹನಿ ಮೊದಲು. 5ರಿಂದ 10 ನಿಮಿಷ ಬಿಟ್ಟು ಮುಲಾಮು. ಮುಲಾಮು ಮೊದಲು ಹಚ್ಚಿದರೆ ಹನಿ ಒಳಗೆ ಇಳಿಯುವುದಿಲ್ಲ.

ಚರ್ಮದ ಗಾಯಕ್ಕೆ ಹಚ್ಚುವ ಟ್ಯೂಬ್ ಕಣ್ಣಿಗೆ ಬೇಡ, ಔಷಧಿಯ ಹೆಸರು ಒಂದೇ ಇದ್ದರೂ ಬೇಡ. "ಐ ಆಯಿಂಟ್‌ಮೆಂಟ್" ಅಥವಾ "ಆಫ್ತಾಲ್ಮಿಕ್" ಅಂತ ಬರೆದಿರಬೇಕು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಟ್ರ್ಯಾಕ್ಟರ್ ಡಬ್ಬಿಯಲ್ಲಿ, ಕಿಟಕಿ ಮೇಲೆ ಇಡಬೇಡಿ. ಮನೆಯೊಳಗೆ ತಂಪಾದ ನೆರಳಿನಲ್ಲಿ ಇಡಿ. ಮನೆಯಲ್ಲಿ ಯಾರಿಗಾದರೂ ರಕ್ತದ ಕಾಯಿಲೆ ಇದ್ದರೆ ಕ್ಲೋರಾಂಫೆನಿಕಾಲ್ ಬರೆಸಿಕೊಳ್ಳುವ ಮೊದಲೇ ಡಾಕ್ಟರ್‌ಗೆ ಹೇಳಿ. ತೊಂದರೆ ಬಹಳ ಅಪರೂಪ, ಆದರೂ ಹೇಳಬೇಕು.

ಘಟಪ್ರಭಾ ದಂಡೆ (ಮುಧೋಳ)

ಮಗಳ ಗೀಜು ಈಗ ಪೂರ್ತಿ ನಿಂತಿದೆ, ಕೆಂಪೂ ಇಲ್ಲ. ಇನ್ನೂ 5 ದಿನ ಆಗಿಲ್ಲ. ನಿಲ್ಲಿಸಲಾ? ಹುಡುಗನನ್ನು ಬೇರೆ ತೋರಿಸಿದೆ. ಅವನದು ಅಲರ್ಜಿಯಂತೆ, ಆಂಟಿಬಯಾಟಿಕ್ ಬೇಡ ಅಂದರು. ಅತ್ತೆಯವರ ಟ್ಯೂಬ್ ಮೇಲೆ ಡೆಕ್ಸಾಮೆಥಾಸೋನ್ ಅಂತ ಇತ್ತು.

ಸಿಸ್ಟರ್ (ಬಾಗಲಕೋಟೆ)

ನಿಲ್ಲಿಸಬೇಡ ತಂಗಿ. ಡಾಕ್ಟರ್ ಹೇಳಿದ 5 ದಿನ ಪೂರ್ತಿ ಹಚ್ಚು. ಮೇಲೆ ಕಾಣದಿದ್ದರೂ ಉಳಿದ ಕ್ರಿಮಿ ಮತ್ತೆ ಏಳಬಹುದು. ಇಲ್ಲಿ ಓದುತ್ತಿರುವ ಬೇರೆ ತಾಯಂದಿರಿಗೆ ಒಂದು ಮಾತು, ಎರಡು ದಿನ ಹಚ್ಚಿದರೂ ಏನೂ ಇಳಿಯದಿದ್ದರೆ ಮತ್ತೆ ತೋರಿಸಿ. ಹಚ್ಚಿದ ಮೇಲೆ ರೆಪ್ಪೆ ಕೆಂಪಾಗಿ ಊದಿ ತುರಿಕೆ ಜಾಸ್ತಿಯಾದರೆ ಔಷಧಿಯೇ ಒಗ್ಗಿಲ್ಲದಿರಬಹುದು. ಹಚ್ಚುವುದು ನಿಲ್ಲಿಸಿ, ಡಾಕ್ಟರ್‌ಗೆ ಟ್ಯೂಬ್ ತೋರಿಸಿ.

5 ದಿನ ಆದ ಮೇಲೆ ಮಗಳ ಟ್ಯೂಬ್‌ನಲ್ಲಿ ಉಳಿದಿದ್ದನ್ನೂ ಎತ್ತಿಡಬೇಡ. ಎರಡೂ ಟ್ಯೂಬ್ ಕಾಗದದಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ಕಸಕ್ಕೆ ಹಾಕು.